ಪದ್ಮಕ್ಕನ ಜಾಡು ಹಿಡಿದು

ಯತಿರಾಜ ಮೇಜಿನ ಕೆಳಗೆ ಮೊಬೈಲು ಹಿಡಿದುಕೊಂಡು ಒಮ್ಮೆ ಅದರ ಪರದೆಯನ್ನೂ ಒಮ್ಮೆ ವಸಂತಿಯವರ ಮುಖವನ್ನೂ ನೋಡುತ್ತಿದ್ದ. ಅಶ್ವಿತಾ ಅವನ ಕಾಲು ತುಳಿದಳು. ಪತ್ತೇದಾರರು ಹೀಗೆ ಹಾಡಹಗಲೇ ಸಿಕ್ಕಿಬೀಳಬಾರದು.

“ಚಾಕ್ಕೆ ಸಕ್ಕರೆ ಸಾಕಾ?” ವಸಂತಿ ಕೇಳಿದರು.

“ಸಾಕು ಆಂಟಿ,” ಎಂದ ಯತಿರಾಜ. ಲೋಟವನ್ನು ಅವನಿನ್ನೂ ಮುಟ್ಟಿಯೇ ಇರಲಿಲ್ಲ.

ಇಬ್ಬರೂ ದೋಹಾದ ಪತ್ರಿಕೆಯೊಂದರ ಕೆಲಸಗಾರರು. ಮೈಸೂರಿನ ಯತಿರಾಜ ಪುಟ ಜೋಡಿಸುವವನು. ಪುತ್ತೂರಿನ ಅಶ್ವಿತಾ ವಾರಾಂತ್ಯದ ಪುರವಣಿಗೆ ಬರೆಯುವವಳು, ಪ್ರೊಬೇಷನ್ ಇನ್ನೂ ಮುಗಿಯದವಳು. ಇಬ್ಬರಿಗೂ ಒಂದೇ ಹುಚ್ಚು: ‘ಅಚ್ಚಿನಮನೆ ಪತ್ತೇದಾರರು’ ಎಂಬ ಎಪ್ಪತ್ತರ ದಶಕದ ಕಪ್ಪು-ಬಿಳುಪು ಹಾಸ್ಯಚಿತ್ರ. ಪತ್ರಿಕಾಲಯದ ಇಬ್ಬರು ಕರಡು ತಿದ್ದುವವರು ಕಳ್ಳನನ್ನು ಹಿಡಿಯಲು ಹೊರಟು, ತಮ್ಮ ಸಂಪಾದಕರನ್ನೇ ಗೋಣಿಚೀಲಕ್ಕೆ ತುಂಬಿ ಠಾಣೆಗೆ ಹೊತ್ತೊಯ್ಯುವ ಕಥೆ. ನಿಜವಾದ ಕಳ್ಳನನ್ನು ಹಿಡಿಯುವುದು ಟೈಪಿಸ್ಟ್ ಪದ್ಮಕ್ಕ, ಅದೂ ಟೈಪ್‌ರೈಟರಿನ ಹಿಂದಿನಿಂದ ಏಳದೆಯೇ. ಅವಳು ಒಂದು ಹುಬ್ಬು ಏರಿಸಿದರೆ ಟಾಕೀಸಿಗೆ ಟಾಕೀಸೇ ಬಿದ್ದು ಬಿದ್ದು ನಗುತ್ತಿತ್ತಂತೆ. ಆ ಪಾತ್ರ ಮಾಡಿದ ‘ಕುಮಾರಿ ಮಂದಾರ’ ಮತ್ತೆ ಯಾವ ಚಿತ್ರದಲ್ಲೂ ಕಾಣಿಸಲಿಲ್ಲ.

ಬರುವ ಶುಕ್ರವಾರ ಕನ್ನಡಿಗರ ಸಂಘದವರು ಆ ಚಿತ್ರದ ಪ್ರದರ್ಶನ ಇಟ್ಟುಕೊಂಡಿದ್ದರು. ಅದರ ಬಗ್ಗೆ ಬರೆಯಲು ಅಶ್ವಿತಾ ಬೆಂಗಳೂರಿನಲ್ಲಿದ್ದ ಆ ಕಾಲದ ಛಾಯಾಗ್ರಾಹಕರೊಬ್ಬರಿಗೆ ಫೋನ್ ಮಾಡಿದ್ದಳು.

“ಮಂದಾರಾನಾ? ಕತಾರ್‌ಗೆ ಹೋಗಿ ಎಷ್ಟೋ ವರ್ಷ ಆಯ್ತಲ್ಲಮ್ಮ! ದೇಜಪ್ಪ ಅಂತ ಕೇಳಿ, ಸಿಗ್ತಾರೆ,” ಎಂದು ಗಹಗಹಿಸಿ ಮುದುಕರು ಫೋನ್ ಇಟ್ಟಿದ್ದರು.

ಅಶ್ವಿತಾಗೆ ತಡೆಯಲಾಗಲಿಲ್ಲ. ಪದ್ಮಕ್ಕನೇ ವೇದಿಕೆಗೆ ಬರುತ್ತಾರೆ ಎಂದು ಬರೆದೇಬಿಟ್ಟಳು. ಅಚ್ಚಾದ ಮೇಲೆ ಸಂಪಾದಕ ಸಂಜಯ್ ಕೇಳಿದ, “ಅವರನ್ನು ಮಾತಾಡಿಸಿದ್ದೀಯಾ?” ಇವಳು ತಲೆ ತಗ್ಗಿಸಿದಳು. “ಶುಕ್ರವಾರ ಪದ್ಮಕ್ಕ ಬರದಿದ್ದರೆ ಭಾನುವಾರ ಆಫೀಸಿಗೆ ನೀನೂ ಬರೋದು ಬೇಡ,” ಎಂದ ಸಂಜಯ್.

ಹೀಗೆ ಜಾಡು ಹಿಡಿದು ದೋಹಾದ ಹೊರಗಿನ ಅಲ್ ವುಕೈರ್‌ನ ಈ ಮನೆಗೆ ಬಂದಿದ್ದರು. ದೇಜಪ್ಪನವರದು ಕ್ರೇನುಗಳನ್ನು ಬಾಡಿಗೆಗೆ ಕೊಡುವ ಕಂಪನಿ. ಆಳು ಬಾಗಿಲಷ್ಟು ಎತ್ತರ, ಮೀಸೆ ಅದಕ್ಕೆ ತಕ್ಕಂತೆ. ಅವರು ಕೆಮ್ಮಿದರೆ ಸೈಟಿನಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಾರೆ ಎಂದು ಡ್ರೈವರ್ ಯಾಕೂಬ್ ಗೇಟಿನಲ್ಲೇ ಹೇಳಿದ್ದ.

“ಆಂಟಿ,” ಅಶ್ವಿತಾ ಬಾಣ ಬಿಟ್ಟಳು, “ಪದ್ಮಕ್ಕನ ಪಾತ್ರ ಮಾಡಿದ ಮಂದಾರ ನಿಮಗೆ ಗೊತ್ತಾ?”

ವಸಂತಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಗಂಡನ ಕಡೆ ನೋಡಿದರು. ದೇಜಪ್ಪ ಕಿಟಕಿಯ ಕಡೆ ನೋಡಿದರು.

“ಗೊತ್ತುಂಟು,” ಎಂದರು ವಸಂತಿ. “ಈ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರ್ತದೆ?”

ಯತಿರಾಜ ಮೊಬೈಲು ಜೇಬಿಗಿಳಿಸಿದ. ಇನ್ನು ಮುಖ ಹೋಲಿಸುವ ಅಗತ್ಯ ಅವನಿಗೆ ಕಾಣಲಿಲ್ಲ.

“ಮತ್ತೆ ಯಾಕೆ ನಟಿಸಲಿಲ್ಲ?” ಅಶ್ವಿತಾ ಕೇಳಿದಳು.

“ಮದುವೆ ಆಯ್ತಲ್ಲ. ಮಾವ ಭಾರೀ ಜೋರು. ಬಣ್ಣ ಹಚ್ಚಿದ ವಿಷಯ ಗೊತ್ತಾದ್ರೆ ಮನೆ ಮೆಟ್ಟಲು ಹತ್ತಿಸ್ತಿರಲಿಲ್ಲ.”

ದೇಜಪ್ಪ ಗಂಟಲು ಸರಿಮಾಡಿಕೊಂಡರು. “ಸುಮ್ನೆ ಅಲ್ಲ ಆ ಕೆಲಸ. ಆ ಲೈಟಿನ ಸೆಕೆ, ತಲೆಗೆ ಆ ಚೌರಿ. ಹಣೆಯ ಬೆವರು ಒರೆಸಿದ್ರೆ ಮೇಕಪ್ಪಿನವ ಬೈತಿದ್ದ.”

“ಅಂಕಲ್, ನೀವೂ ಶೂಟಿಂಗಿಗೆ ಹೋಗಿದ್ರಾ?”

“ದಿನಾ. ಹೋಗದೆ ಆಗ್ತದಾ?”

ಎಂಥ ಅನುಮಾನದ ಗಂಡಸು! ಅಶ್ವಿತಾಗೆ ರೇಗಿತು. ಆದರೂ ತಾಳ್ಮೆಯಿಂದಲೇ ವಸಂತಿಯವರ ಕೈ ಹಿಡಿದುಕೊಂಡಳು. “ಆಂಟಿ, ಶುಕ್ರವಾರ ಒಂದೇ ಒಂದು ಸಲ ಪದ್ಮಕ್ಕ ವೇದಿಕೆಗೆ ಬರಲಿ. ಜನ ಕಾಯ್ತಿದ್ದಾರೆ. ನನ್ನ ಕೆಲಸವೂ ಅದರ ಮೇಲೇ ನಿಂತಿದೆ.”

“ನಾನು ಹ್ಞೂಂ ಅಂದ್ರೆ ಎಂತ ಆಯ್ತು? ಇವರು ಒಪ್ಪಬೇಕಲ್ಲ.”

“ಬೇಡ. ಖಲಾಸ್,” ಎಂದರು ದೇಜಪ್ಪ. “ನಾಳೆ ನನ್ನ ಡ್ರೈವರುಗಳೆಲ್ಲ ಹಿಂದಿನಿಂದ ನಗ್ತಾರೆ.”

ಅಶ್ವಿತಾ ಎದ್ದು ನಿಂತಳು. ಕೆಲಸ ಹೋದರೆ ಹೋಗಲಿ ಎನ್ನಿಸಿತ್ತು. “ಅಷ್ಟು ದೊಡ್ಡ ಕಲಾವಿದೆಯನ್ನು ಇಷ್ಟು ವರ್ಷ ಈ ಗೋಡೆಗಳ ಒಳಗೆ ಮುಚ್ಚಿಟ್ಟಿದ್ದೀರಿ. ನನ್ನಜ್ಜಿಗೆ ಕೊನೆಗಾಲದಲ್ಲಿ ಮಾತೇ ನಿಂತುಹೋಗಿತ್ತು. ಆಗಲೂ ಪದ್ಮಕ್ಕನನ್ನು ನೋಡಿ ನಗ್ತಿದ್ರು. ನಿಮಗೆ ನಾಚಿಕೆ ಆಗಲ್ವಾ ಅಂಕಲ್?”

ಯತಿರಾಜ ಹೆದರಿ ಬಾಗಿಲಿನ ದೂರ ಲೆಕ್ಕಹಾಕಿದ. ದೇಜಪ್ಪ ಮಾತ್ರ ಕೆಮ್ಮಲಿಲ್ಲ, ಗದರಲಿಲ್ಲ.

“ಆದದ್ದೇ ನಾಚಿಕೆ, ಮಗಳೇ,” ಎಂದರು. “ಅಜ್ಜಿ ನಗ್ತಿದ್ರಾ? ನಿಜವಾ?”

“ನಿಜ.”

“ಹಾಗಾದ್ರೆ ಶುಕ್ರವಾರ ಬರ್ತೇವೆ.”

ಕಾರಿನಲ್ಲಿ ಯತಿರಾಜ, “ನಾವು ಆ ಸಿನಿಮಾದವರ ಹಾಗಲ್ಲ ಕಣೇ. ಸರಿಯಾದವರನ್ನೇ ಹಿಡಿದ್ವಿ,” ಎಂದು ಬೀಗಿದ.

ಶುಕ್ರವಾರ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಚಿತ್ರ ಮುಗಿಯಿತು. ದೀಪ ಹತ್ತಿದಾಗ ಜನ ಇನ್ನೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಸಂಜಯ್ ಕೈ ಕಟ್ಟಿ ಕೂತಿದ್ದ. ಅವನ ಪಕ್ಕದಲ್ಲಿ ದೇಜಪ್ಪ. ಅಶ್ವಿತಾ ಮೈಕಿನಲ್ಲಿ ಹೆಸರು ಕೂಗುತ್ತಿದ್ದಂತೆ ರೇಷ್ಮೆ ಸೀರೆಯುಟ್ಟ ವಸಂತಿ ವೇದಿಕೆ ಹತ್ತಿದರು. ಶಿಳ್ಳೆ, ಚಪ್ಪಾಳೆ. ಸಂಜಯ್ ಕೂಡ ಎದ್ದು ನಿಂತ. ಗೆದ್ದೆ ಎಂದುಕೊಂಡು ಅಶ್ವಿತಾ ಹೂಗುಚ್ಛ ಚಾಚಿದಳು.

ವಸಂತಿ ಅದನ್ನು ಮುಟ್ಟಲಿಲ್ಲ.

“ನನಗೆ ಯಾಕೆ ಮಾರಾಯ್ತಿ?” ಎಂದು ಮೈಕಿನಲ್ಲೇ ಕೇಳಿದರು. “ನಾನು ಆ ಸೆಟ್ಟಿನಲ್ಲಿ ಪದ್ಮಕ್ಕನಿಗೆ ಸೀರೆ ಉಡಿಸ್ತಿದ್ದವಳು. ಉಡಿಸಿ ಉಡಿಸಿ, ಕೊನೆಗೆ ಮದುವೆಯೂ ಆದೆ.”

ಮುಂದಿನ ಸಾಲಿನಿಂದ ದೇಜಪ್ಪ ಎದ್ದರು, ಇಲ್ಲದ ಸೆರಗನ್ನು ಹೆಗಲಿಗೆ ಎಳೆದುಕೊಂಡು, ಒಂದು ಹುಬ್ಬು ಏರಿಸಿ, ಈಗಷ್ಟೇ ಜನ ಪರದೆಯಿಂದ ಕೇಳಿದ್ದ ಅದೇ ಹೆಣ್ಣುದನಿಯಲ್ಲಿ, “ಹೂವು ಇತ್ತ ತಾ ಮಗಳೇ, ಎಷ್ಟು ಹೊತ್ತು ಕಾಯಿಸ್ತೀ?” ಎಂದರು.