ಮೂಲೆಯ ಮೆದು ಹಲಗೆ

ಚಮಚದ ಹಿಡಿ ದೊಡ್ಡಿಯ ಮೂಲೆಯ ಹಲಗೆಯೊಳಗೆ ಸಲೀಸಾಗಿ ಇಳಿಯಿತು, ನೆನೆದ ಬ್ರೆಡ್ಡಿಗೆ ಚುಚ್ಚಿದಂತೆ. ಅವಳು ಗಾಬರಿಯಿಂದ ಅದನ್ನು ಕಿತ್ತುಕೊಂಡು, ಗಂಡನಿಗೆ ತಂದಿದ್ದ ಊಟದ ಡಬ್ಬಿಯೊಳಗೆ ತುರುಕಿದಳು.

ದೊಡ್ಡಿಯ ಉಳಿದ ಹಲಗೆಗಳೆಲ್ಲ ಕೊಳೆಯದಂತೆ ಔಷಧಿ ಕುಡಿಸಿದ ಗಟ್ಟಿ ಮರ, ಕೆರೆದರೆ ಹಸಿರು. ಈ ಮೂಲೆಯಲ್ಲಿ ಮಾತ್ರ ಬಿಳಿಚಿಕೊಂಡ ಮೆದು ಮರ. ಎರಡು ಕಂಬಗಳ ನಡುವಿನ ಆ ಕಿರಿದಾದ ಸಂದಿಯಲ್ಲಿ ಕರುಗಳು ನುಸುಳುತ್ತವೆಂದು ಮಾಲೀಕ ಮುಚ್ಚಿಸಿದ್ದ. ಮುಚ್ಚಿದವನು ಅವಳ ಮೈದುನ. ಒಮ್ಮೆ ಹಲಗೆ ಮುರಿದು ಅವಳ ಗಂಡ ಆಚೆ ಬಿದ್ದು ಮೊಣಕೈ ತರಚಿಕೊಂಡಿದ್ದ. ಮೈದುನ ಮತ್ತೆ ಅದೇ ಮರವನ್ನೇ ತಂದು ಬಡಿದಿದ್ದ.

ಗಂಡ ದೊಡ್ಡಿಯಲ್ಲಿ ಗೂಳಿ ಹಿಡಿಯುವವರ ಮುಖ್ಯಸ್ಥ. ಮೈದುನ ಅವನ ಕೈಕೆಳಗಿನವನು. ಅಣ್ಣನಿಗೇನಾದರೂ ಆದರೆ ಆ ಜಾಗ ಯಾರ ಪಾಲು? ಅವಳಿಗೆ ಯೋಚಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮರ ಕೊಟ್ಟಿದ್ದ ಬಡಗಿಯನ್ನು ಕೇಳಿದಳು.

"ಔಷಧಿ ಕಾಣದ ಮರ ಅಮ್ಮ ಅದು. ಗಂಜಲ ಕುಡಿದ್ರೆ ವರ್ಷ ತಡೆಯಲ್ಲ. ಬೇಡ ಅಂದೆ. ನಿಮ್ಮ ಮೈದುನ ಇದೇ ಆಗ್ಬೇಕು ಅಂತ ಹಠ ಹಿಡಿದ."

ಮರುದಿನ ಕಣ್ಣಾರೆ ಕಂಡಳು. ಮೈದುನ ಅತ್ತಿತ್ತ ನೋಡಿ, ಹಲಗೆಯ ಬುಡಕ್ಕೆ ಬಕೆಟ್ಟಿನಿಂದ ನೀರು ಸುರಿಯುತ್ತಿದ್ದ.

"ಏನ್ ಮಾಡ್ತಿದೀಯ?"

"ಸಗಣಿ ತೊಳೀತಿದೀನಿ ಅತ್ತಿಗೆ."

ಸಗಣಿ ಇದ್ದಲ್ಲೇ ಇತ್ತು.

ಊಟದ ಹೊತ್ತಿಗೆ ಗಂಡನ ಬಳಿ ಮಾತು ತೆಗೆದಳು. "ರೀ, ಆ ಮೂಲೆ ಹಲಗೆ..."

ಅವನ ತುತ್ತು ಅರ್ಧಕ್ಕೇ ನಿಂತಿತು. "ಅದರ ತಂಟೆಗೆ ಹೋಗ್ಬೇಡ. ತಮ್ಮ ನೋಡ್ಕೋತಾನೆ."

ಗೂಳಿಗೆ ಬೆನ್ನು ತೋರಿಸದ ಗಂಡು ಎಂದು ಹೆಸರು ಮಾಡಿದವನು. ತಮ್ಮನ ವಿಷಯದಲ್ಲಿ ಮಾತ್ರ ಶುದ್ಧ ಕುರುಡ. ಇಂಥವರಿಗೆ ಹೇಳಿ ಪ್ರಯೋಜನವಿಲ್ಲ, ಹೆಂಡತಿಯರೇ ನೋಡಿಕೊಳ್ಳಬೇಕು.

ದೊಡ್ಡಿಗೆ ರಜೆಯಿದ್ದ ದಿನ ನೋಡಿ ಬಡಗಿಯನ್ನು ಕರೆತಂದಳು. ಬಡಗಿ ಕೊಳೆತದ್ದನ್ನು ಕಿತ್ತು, ಔಷಧಿ ಕುಡಿಸಿದ ದಪ್ಪ ಹಲಗೆ ಕೂರಿಸಿ, ಆರು ಬೋಲ್ಟು ಬಿಗಿದ. "ಆನೆ ಗುದ್ದಿದ್ರೂ ಅಲ್ಲಾಡಲ್ಲ ಅಮ್ಮ." ಮೈದುನನಿಗೆ ಗುಮಾನಿ ಬರದಿರಲೆಂದು ಅವಳು ತಾನೇ ಸಗಣಿ ಮೆತ್ತಿ ಅದನ್ನು ಹಳೆಯದು ಮಾಡಿದಳು. ಆಮೇಲೆ ಮೂರು ದಿನ ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಡಬ್ಬಿ ತಂದಾಗ ದೊಡ್ಡಿಯೊಳಗೆ ಹೊಸ ಗೂಳಿಯೊಂದು ಹಗ್ಗ ಹರಿದುಕೊಂಡಿತ್ತು. ಗಂಡನ ಪಕ್ಕದಲ್ಲೇ ಹತ್ತಬಹುದಾದ ಬೇಲಿ. ಬಾಗಿಲು ಹತ್ತು ಹೆಜ್ಜೆ. ಅವನು ಎರಡನ್ನೂ ಬಿಟ್ಟು ನೇರ ಮೂಲೆಗೆ ಓಡಿ, ಹಲಗೆಗೆ ಭುಜ ಕೊಟ್ಟು ಗುದ್ದಿದ. ಹಲಗೆ ಅಲ್ಲಾಡಲಿಲ್ಲ. ಒಂದು ಕ್ಷಣ ಅವಳಿಗೆ ಹೆಮ್ಮೆಯೇ ಆಯಿತು.

ಅವನು ಮತ್ತೊಮ್ಮೆ ಗುದ್ದಿದ. ಅಷ್ಟರಲ್ಲಿ ಗೂಳಿ ತಲುಪಿತು. ಹಲಗೆ ಆಗಲೂ ಅಲ್ಲಾಡಲಿಲ್ಲ.

ಗೂಳಿಯನ್ನು ಅಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೈದುನ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಲಗೆಯ ಸಗಣಿಯನ್ನು ಉಗುರಿನಿಂದ ಕೆರೆದ. ಹಸಿರು ಮರ ಕಂಡಿತು. ಅವನ ಮುಖ ಬಿಳಿಚಿಕೊಂಡಿತು. ಸಿಕ್ಕಿಬಿದ್ದ ಎಂದುಕೊಂಡಳು ಅವಳು.

"ನಿನ್ನ ಕೊಳೆತ ಹಲಗೆ ಕಿತ್ತು ನಾನೇ ಇದನ್ನ ಹಾಕ್ಸಿದ್ದು!" ಎಂದು ಕಿರುಚಿದಳು. "ಒಡಹುಟ್ಟಿದವನನ್ನೇ ಕೊಲ್ಲೋಕೆ ಕಾದಿದ್ದೆಯಲ್ಲೋ, ಪಾಪಿ!"

ಅವನು ಅಣ್ಣನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ.

"ಗೂಳಿ ಮೇಲೆ ಬಿದ್ರೆ ಮುರ್ಕೊಂಡು ಆಚೆ ಬೀಳೋಕೆ ಅಂತ ಅಣ್ಣನೇ ಹಾಕ್ಸಿದ್ದು ಆ ಹಲಗೆ, ಅತ್ತಿಗೆ. ಬೇಲಿ ಹತ್ತಿದ್ರೆ ಬೆನ್ನು ತೋರಿಸ್ದ ಅಂತಾರೆ, ಇದಾದ್ರೆ ಗೂಳಿ ಗುದ್ದಿ ಮುರೀತು ಅಂದ್ಕೋತಾರೆ, ತಪ್ಪಿಸ್ಕೊಳ್ಳೋ ದಾರಿ ಅಂತ ಯಾರಿಗೂ ತಿಳೀಬಾರ್ದು ಅಂತಿದ್ದ. ನೀರು ಹಾಕಿ ಕೊಳೆಸು ಅಂತ ನಂಗೆ ಹೇಳಿದ್ದೇ ಅಣ್ಣ."