ರಾಕ್ಷಸ ಯಾರ ಪೈಕಿ?

ರಾಕ್ಷಸ ಗವಿಯಿಂದ ಹೊರಗೆ ಬಂದು ಗದೆ ಎತ್ತಿದ. ತಿಪ್ಪೇರುದ್ರ ದಾಳ ಹಾಕಲಿಲ್ಲ.

"ಯಾವೂರಂತೆ ಇವನದು?" ಎಂದು ಕೇಳಿದ.

ಕಟಿಂಗ್ ಟೇಬಲ್ಲಿನ ಆಚೆ ಬದಿಯಲ್ಲಿ ನಿಂತಿದ್ದ ಶಾಯಿಸ್ತಾ ಈ ಪ್ರಶ್ನೆಗೆ ಸಿದ್ಧವಾಗಿಯೇ ಇದ್ದಳು. ಚನ್ನಗಿರಿಯ ಅವಳ ಟೈಲರಿಂಗ್ ಅಂಗಡಿಯಲ್ಲಿ ಭಾನುವಾರ ನಡೆಯುವುದು ಬಾಯಲ್ಲೇ ಆಡುವ ಆಟ. ಒಬ್ಬರು ಎಲ್ಲೂ ಇಲ್ಲದ ಲೋಕವೊಂದನ್ನು ಹೇಳುತ್ತ ಹೋಗಬೇಕು. ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಲೋಕ ಹೇಳುವವಳು ಶಾಯಿಸ್ತಾ. ಆಡುವವರು ಇಬ್ಬರು. ಜಗಳೂರಿನಲ್ಲಿ ಮೋಟಾರ್ ರಿಪೇರಿ ಮಾಡುವ ತಿಪ್ಪೇರುದ್ರ ಆಟದಲ್ಲಿ ಬಿಲ್ಲುಗಾರ. ಹೊನ್ನಾಳಿಯ ಹೈಸ್ಕೂಲಿನ ವಿಜ್ಞಾನ ಟೀಚರ್ ಹೇಮಾವತಿ ಮಂತ್ರವಾದಿ.

ಮಳೆಗಾಲದಲ್ಲೇ ಇಬ್ಬರೂ ನೋಟಿಸು ಕೊಟ್ಟಿದ್ದರು. "ನ್ಯಾಮತಿಯಾಗೆ ಇದೇ ಆಟ ಆಡ್ಸೋ ಸೈಫುಲ್ಲಾ ಆನ್‌ಲೈನಲ್ಲಿ ಒಂದು ರೆಡಿಮೇಡ್ ಲೋಕ ತರಿಸಿದಾನೆ ಅಕ್ಕಾ. ಐದು ಸಾವಿರ ವರ್ಷದ ಇತಿಹಾಸ ಐತಂತೆ, ಹದಿನಾಲ್ಕು ರಾಜವಂಶ ಅಂತೆ," ಎಂದಿದ್ದ ತಿಪ್ಪೇರುದ್ರ. "ನಿಮ್ಮದ್ರಾಗೆ ಏನೈತೆ? ಒಂದು ಕಾಡು, ಒಂದು ಕೋಟೆ. ಊರಿನ ಹೆಸರೇನು ಅಂದ್ರೆ 'ಊರು' ಅಂತೀರಿ." ಹೇಮಾವತಿ ಮೆತ್ತಗೆ ಸೇರಿಸಿದ್ದಳು: "ದೀಪಾವಳಿವರೆಗೂ ನೋಡೋಣ ಶಾಯಿಸ್ತಾ. ಆಮೇಲೆ ನಾವು ನ್ಯಾಮತಿ ಕಡೆ ಹೋದ್ರೆ ಬೇಜಾರು ಮಾಡ್ಕಬೇಡ."

ಆವತ್ತಿನಿಂದ ಶಾಯಿಸ್ತಾ ಬ್ಲೌಸಿಗೆ ಹುಕ್ಕು ಹಾಕುತ್ತ, ಸೀರೆಗೆ ಫಾಲು ಹೊಲಿಯುತ್ತ ಹೊಸ ಲೋಕವೊಂದನ್ನು ಕಟ್ಟಿದಳು. ಈಗ ಅದು ಟೇಬಲ್ಲಿನ ಮೇಲೆ ಹಾಸಿದ ಕಪ್ಪು ಲೈನಿಂಗ್ ಬಟ್ಟೆಯಲ್ಲಿತ್ತು, ಮಾರ್ಕಿಂಗ್ ಚಾಕಿನಿಂದ ಬರೆದದ್ದು. ಊರೂರಿಗೂ ಹೆಸರು, ಸಂತೆಯ ದಿನ, ಕೆರೆ, ತೂಬು. ಪ್ರತಿಯೊಬ್ಬರಿಗೂ ಒಂದು ಮನೆತನ, ರಾಕ್ಷಸನಿಗೂ. ಇವತ್ತು ದೀಪಾವಳಿಗೆ ಮುಂಚಿನ ಕೊನೆಯ ಭಾನುವಾರ, ಹೊಸ ಲೋಕದ ಮೊದಲ ಕಾಳಗ. ಅದು ರಂಗೇರಿದರೆ ಇಬ್ಬರೂ ಉಳಿಯುತ್ತಾರೆ, ಇಲ್ಲವಾದರೆ ಮುಂದಿನ ಭಾನುವಾರ ಅಂಗಡಿಯಲ್ಲಿ ಅವಳೊಬ್ಬಳೇ.

"ಮೂಡಲಗವಿ," ಎಂದಳು, ಹೆಮ್ಮೆಯಿಂದ. "ದೊಡ್ಡಮೆಟ್ಲು ಮನೆಯವನು. ಹುಟ್ಟು ರಾಕ್ಷಸ ಅಲ್ಲ, ಶಾಪದಿಂದ ಆದವನು."

ತಿಪ್ಪೇರುದ್ರ ಕೈಯಲ್ಲಿಲ್ಲದ ಬಿಲ್ಲನ್ನು ಕೆಳಗಿಳಿಸಿದ. "ತಡೀರಿ ಅಕ್ಕಾ. ನನ್ನ ಬಿಲ್ಲುಗಾರನ ತಾಯಿ ತವರು ಮೂಡಲಗವಿ ಅಂತ ಶುರುವಿಗೆ ನೀವೇ ಹೇಳಿದ್ರಲ್ಲ. ಅದೂ ದೊಡ್ಡಮೆಟ್ಲು ಮನೆನೇ."

"ಹೇಳಿದ್ದೆ. ಅದಕ್ಕೇನೀಗ?"

"ಅಂದ್ರೆ ಇವನು ನನಗೆ ಸೋದರಮಾವ ಆಗ್ಬೇಕು."

ಶಾಯಿಸ್ತಾ ಮನಸ್ಸಿನಲ್ಲೇ ಹೊಂದಿಸಿ ನೋಡಿದಳು. ಆಗುತ್ತಿದ್ದ. ಮನೆತನ ಹಂಚುವಾಗ ಅವಳು ಇಷ್ಟು ದೂರ ಯೋಚಿಸಿರಲಿಲ್ಲ. ಒಮ್ಮೆ ಹೇಳಿದ ಲೋಕವನ್ನು ನಡುವೆ ಬದಲಿಸುವುದು ಈ ಆಟದಲ್ಲಿ ಮೋಸ.

"ಮಾವನೇ ಆಗ್ಲಿ, ಗದೆ ಎತ್ತಿದಾನೆ. ದಾಳ ಹಾಕು."

"ಹಾಕ್ತೀನಿ. ಹೊಡೆಯಾಕಲ್ಲ, ಕಾಲಿಗೆ ಬೀಳಾಕೆ."

ಹತ್ತೊಂಬತ್ತು ಬಿತ್ತು. ರಾಕ್ಷಸ ಗದೆ ಇಳಿಸಲೇಬೇಕಾಯಿತು.

"ರುದ್ರಾ, ಅವನು ಪಡುವಲಕೊಪ್ಪದಾಗೆ ಆರು ಜನರನ್ನ ತಿಂದಿದಾನೆ," ಎಂದಳು ಶಾಯಿಸ್ತಾ. ದನಿ ಬೇಡುವಂತಿತ್ತು.

ಅಷ್ಟು ಹೊತ್ತು ಬೆಂಕಿ ಮಂತ್ರಕ್ಕೆ ತಯಾರಾಗಿ ಕುಳಿತಿದ್ದ ಹೇಮಾವತಿ ತಲೆ ಎತ್ತಿದಳು. "ತಿಂದಿದ್ದು ಯಾರನ್ನ? ನಮ್ಮ ಪೈಕಿಯವರನ್ನಾ?"

"ಅಲ್ಲ."

"ಮತ್ತೆ? ಇಂಥವೆಲ್ಲ ಹಿಡ್ಕಂಡು ಕುಂತ್ರೆ ಯಾವ ನೆಂಟಸ್ತಿಕೆನೂ ನಡೆಯಲ್ಲ. ಮಕ್ಕಳೆಷ್ಟು ಅವನಿಗೆ?"

"ಒಬ್ಬಳೇ ಮಗಳು," ಎಂದಳು ಶಾಯಿಸ್ತಾ. ಈ ಕಾಳಗದಲ್ಲಿ ರಾಕ್ಷಸ ಸತ್ತ ಮೇಲೆ ಸೇಡು ತೀರಿಸಿಕೊಳ್ಳಲೆಂದು ಅವಳು ಆ ಮಗಳನ್ನು ಎತ್ತಿಟ್ಟಿದ್ದಳು. ಯುಗಾದಿ ಹೊತ್ತಿಗೆ ಹುಡುಗಿ ಸೈನ್ಯ ಕಟ್ಟಿಕೊಂಡು ಬರಬೇಕಿತ್ತು.

"ಮದುವೆ ಆಗೈತಾ?"

"ಇಲ್ಲ."

ತಿಪ್ಪೇರುದ್ರ ಅಂಗಿಯ ಕಾಲರು ಸರಿಮಾಡಿಕೊಂಡ.

"ಕಾಲರ್ ಆಮೇಲೆ ನೋಡ್ಕಳೋವಂತೆ," ಎಂದಳು ಹೇಮಾವತಿ. "ಮೊದಲು ಮಾವನ ಹತ್ರ ಬಾಯಿಬಿಟ್ಟು ಕೇಳು."

ಅಲ್ಲಿಂದ ಸಂಜೆಯವರೆಗೆ ಒಂದು ಬಾಣವೂ ಹಾರಲಿಲ್ಲ. ರಾಕ್ಷಸ ಗವಿಯೊಳಗೆ ಚಾಪೆ ಹಾಸಿದ, ಬೆಲ್ಲ ನೀರು ಕೊಟ್ಟ. ಹೇಮಾವತಿ ಎಲೆ ಅಡಿಕೆ ತಟ್ಟೆ ಹಿಡಿದು ಎರಡೂ ಕಡೆಯ ಹಿರಿಯಳಾದಳು. ಬೆಂಕಿ ಮಂತ್ರವನ್ನು ಅಡುಗೆ ಒಲೆಗೆ ಎಂದು ಮೀಸಲಿಟ್ಟಳು. ತಾಳಿ ಕಟ್ಟುವುದು ಹುಡುಗಿಯ ಗವಿಯಲ್ಲೋ ಹುಡುಗನ ಊರಲ್ಲೋ ಎಂಬ ವಿಷಯಕ್ಕೆ ದಾಳ ಹಾಕಿದರು. ಸೋತ ತಿಪ್ಪೇರುದ್ರ ಒಪ್ಪದೆ ಇನ್ನೊಮ್ಮೆ ಹಾಕಿಸಿದ. ಪಡುವಲಕೊಪ್ಪದವರಿಗೆ ಲಗ್ನಪತ್ರಿಕೆ ಕೊಡಬೇಕೋ ಬೇಡವೋ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಶಾಯಿಸ್ತಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಕೊಡದೆ ವಿಧಿಯಿರಲಿಲ್ಲ, ಎಲ್ಲಕ್ಕೂ ಅವಳ ಲೋಕದಲ್ಲಿ ಉತ್ತರವಿತ್ತು.

ಬಸ್ಸಿನ ಹೊತ್ತಾಯಿತೆಂದು ಇಬ್ಬರೂ ಎದ್ದರು. ಶಾಯಿಸ್ತಾ ಬಟ್ಟೆ ಮಡಚುತ್ತ, ಮುಖ ನೋಡದೆ ಕೇಳಿದಳು. "ಹಂಗಾದ್ರೆ ಮುಂದಿನ ವಾರ ನ್ಯಾಮತಿಗೇನು?"

"ನ್ಯಾಮತಿ ಯಾಕೆ?" ಎಂದ ತಿಪ್ಪೇರುದ್ರ. "ಐದು ಸಾವಿರ ವರ್ಷ ಇಟ್ಕಂಡು ಏನ್ ಮಾಡೋದಕ್ಕಾ, ಅಲ್ಲಿ ನಮಗೆ ಒಬ್ಬ ನೆಂಟ ಇಲ್ಲ. ಇದೇ ಲೋಕ ಇರ್ಲಿ. ನಿಶ್ಚಿತಾರ್ಥಕ್ಕೆ ನಮ್ಮ ತಂಗಿನೂ ಬರ್ತೀನಿ ಅಂದ್ರೆ ಕರ್ಕಂಡು ಬರ್ತೀನಿ."

ಶಾಯಿಸ್ತಾಗೆ ಎದೆ ಹಗುರಾಯಿತು. ಆದರೂ ಕೊರಗೊಂದು ಉಳಿದಿತ್ತು. "ಇದನ್ನ ಯುದ್ಧ ಆಡಾಕೆ ಅಂತ ಮಾಡಿದ್ದೆ ಹೇಮಕ್ಕಾ. ಮೂರು ಸೈನ್ಯ ಹಂಗೇ ಕುಂತವೆ. ಯುದ್ಧ ಯಾವಾಗ?"

ಹೇಮಾವತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

"ಮದುವೆ ಗೊತ್ತಾಯ್ತಲ್ಲ ಶಾಯಿಸ್ತಾ. ಬೀಗರ ಊಟಕ್ಕೆ ಎಲೆ ಹಾಕ್ಲಿ, ಯುದ್ಧ ತಾನಾಗೇ ಬರ್ತೈತೆ."