ಪಟ್ಟಿಯಲ್ಲಿಲ್ಲದ ಹೆಸರು

ಪುಟ್ಟಮಾದಯ್ಯ ಮೇಷ್ಟ್ರು ಎದುರಾದಾಗಲೆಲ್ಲ ಮೇದಿನಿ ಎರಡು ವರ್ಷ ಮುಖ ತಿರುಗಿಸಿಕೊಂಡೇ ಓಡಾಡಿದ್ದಳು. ಪಿಯುಸಿಯಲ್ಲಿ ಅವರು ನಡೆಸುತ್ತಿದ್ದ ಹೆಚ್ಚುವರಿ ಗಣಿತದ ತರಗತಿಗೆ ಹನ್ನೆರಡು ಮಂದಿ ಆಯ್ಕೆಯಾಗಿದ್ದರು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

"ಆ ಮನುಷ್ಯನಿಗೆ ಯೋಗ್ಯತೆ ಎಲ್ಲಿ ಕಾಣ್ಸುತ್ತೆ, ಬಿಡಮ್ಮ" ಎಂದು ಅಪ್ಪ ಅವತ್ತು ತಲೆ ಸವರಿದ್ದರು. ಆ ಸಿಟ್ಟಿಗೇ ಹಟ ಹಿಡಿದು ಓದಿ, ಮಾಮೂಲಿ ಗಣಿತದಲ್ಲಿ ತೊಂಬತ್ತೊಂಬತ್ತು ತೆಗೆದಿದ್ದಳು.

ಈಗ, ನಲವತ್ತೇ ಸೀಟಿರುವ ದೊಡ್ಡ ಕಾಲೇಜಿನ ಸಂದರ್ಶನದಲ್ಲಿ ಎದುರು ಕೂತ ಮೇಡಂ ಎತ್ತಿದ ಮೊದಲ ಪ್ರಶ್ನೆಯೇ ಅದಾಯಿತು.

"ಮಾರ್ಕ್ಸ್ ಚೆನ್ನಾಗಿದೆ. ಆದ್ರೆ ನಿಮ್ಮಲ್ಲಿದ್ದ ಕಷ್ಟದ ಪಾಠಾನೇ ನೀನು ತಗೊಂಡಿಲ್ವಲ್ಲಮ್ಮ. ನಾವು ಮೊದ್ಲು ನೋಡೋದೇ ಅದನ್ನ."

"ಮೇಷ್ಟ್ರು ನನ್ನ ಸೇರಿಸ್ಕೊಳ್ಳಲಿಲ್ಲ, ಮೇಡಂ."

ಮೇಡಂ ಲಕೋಟೆಯಿಂದ, ಶಿಫಾರಸಿನ ಜೊತೆ ಮೇಷ್ಟ್ರು ಕಳಿಸಿದ್ದ ಎರಡು ಹಾಳೆ ತೆಗೆದರು. "ಅವರ ಮೊದಲ ಪಟ್ಟೀಲಿ ನಿನ್ನ ಹೆಸರೇ ಮೇಲಿದೆ. ಆಮೇಲೆ, ಅವಳಿಗೆ ಇಷ್ಟವಿಲ್ಲ, ಮಾರ್ಕ್ಸ್ ಬೇರೆ ಕಮ್ಮಿಯಾಗುತ್ತೆ, ಹೆಸರು ತೆಗೀರಿ ಅಂತ ಈ ಪತ್ರ ಬಂದಿದೆ. ಸಹಿ ಗುರುತು ಸಿಗುತ್ತಾ?"

ಮೇದಿನಿ ಆ ಹಾಳೆಯ ಕೆಳಗಿನ ಸಹಿ ನೋಡಿ, ಹೌದೆಂದು ತಲೆಯಾಡಿಸಿದಳು.

ಹೊರಗೆ ಬೆಂಚಿನ ಮೇಲೆ ಕಾದಿದ್ದ ಅಪ್ಪ ಧಡಕ್ಕನೆ ಎದ್ದರು. "ಆ ಮೇಷ್ಟ್ರು ಮಾಡಿದ ಅನ್ಯಾಯ ಹೇಳಿದೆ ತಾನೆ? ಏನು ಕೇಳಿದ್ರು?"

"ಮೇಷ್ಟ್ರಿಗೆ ಬಂದ ಪತ್ರದಲ್ಲಿರೋ ಸಹಿ ಯಾರದು ಅಂತ ಕೇಳಿದ್ರು, ಅಪ್ಪ. ನಿಮ್ಮದು ಅಂದೆ."